ಅಟ್ಟದ ಮೇಲಿರೋ ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ: ಕೆಜಿ ಲೆಕ್ಕದಲ್ಲಿ ಏನೇನು ಹೋಗ್ತಿದೆ ಗೊತ್ತಾ?

ಶಿವಮೊಗ್ಗ: ಮಳೆಗಾಲಕ್ಕೆ ಮುಂಚೆ ಅಟ್ಟ ಕ್ಲೀನ್ ಮಾಡೋದು ಮಲೆನಾಡಿನ ಮನೆಗಳಲ್ಲಿ ರೂಢಿ. ಸೋರುವ ಹೆಂಚು ಬದಲಾಯಿಸಲು ಅಟ್ಟ ಹತ್ತಿದವರ ಕಣ್ಣಿಗೆ ಒಡೆದ ಕೊಳಗ, ಹಳೇ ರೇಡಿಯೋ, ಅಡಿಕೆ ಚೀಲದ ಜೊತೆಗೆ ಇನ್ನೊಂದು ಸಾಮಾನೂ ಬೀಳುತ್ತದೆ. ಬಿಳಿ ಹೋಗಿ ಹಳದಿಗೆ ತಿರುಗಿದ ಒಂದು ಸಿಪಿಯು ಡಬ್ಬ, ಇಬ್ಬರು ಹಿಡಿದು ಎತ್ತಬೇಕಾದ ಡಬ್ಬಾ ಮಾನಿಟರ್, ಚೆಂಡಿನ ಮೌಸ್. ಮಗ ಡಿಗ್ರಿ ಓದುವಾಗ ತಂದಿದ್ದು. ಈಗ ಮಗ ಬೆಂಗಳೂರಲ್ಲಿ, ಕಂಪ್ಯೂಟರ್ ಅಟ್ಟದಲ್ಲಿ.

ಅಷ್ಟರಲ್ಲಿ ಬೀದಿಯಲ್ಲಿ ಗುಜರಿ ಗಾಡಿಯ ಮೈಕ್ ಕೂಗುತ್ತದೆ. ತೂಕ ಆಗುತ್ತದೆ, ಒಂದಿಷ್ಟು ನೂರು ರೂಪಾಯಿ ಕೈಗೆ ಬರುತ್ತದೆ, ಅಟ್ಟ ಖಾಲಿ. ಕಥೆ ಮುಗಿಯಿತು ಅಂತ ಎಲ್ಲರೂ ಅಂದ್ಕೊಳ್ಳೋದು. ಆದ್ರೆ ಮುಗಿದಿರೋದಿಲ್ಲ.

ಆ ಡಬ್ಬದೊಳಗೆ ಇನ್ನೂ ಕೆಲಸಕ್ಕೆ ಬರುವ ಬಿಡಿಭಾಗ ಇರಬಹುದು. ಸಂಗ್ರಹಕಾರರು ಹುಡುಕುತ್ತಿರುವ ಒಂದು ಕೀಬೋರ್ಡ್ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಊರಿನ ಹತ್ತಾರು ಜನರ ದಾಖಲೆ ತುಂಬಿದ ಹಾರ್ಡ್ ಡಿಸ್ಕ್ ಇರಬಹುದು. ಇದನ್ನು ಗುರುತಿಸುವವರು ಹಳೇ ಕಂಪ್ಯೂಟರ್ ಹುಡುಕಿ, ರಿಪೇರಿ ಮಾಡಿ, ಕೊಟ್ಟು ಕೊಳ್ಳುವ ಹವ್ಯಾಸದ ಮಂದಿ. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಈ ಹೊತ್ತಿನಲ್ಲಿ ಅದೇ ಹುಚ್ಚು ಊರಿಗೆ ಬೇಕಾಗಿದೆ.

ಈ ಮಾತು ಈಗ್ಯಾಕೆ?

ಮೊದಲ ಕಾರಣ, ವಿಂಡೋಸ್ 10. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಇದರ ಉಚಿತ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ವ್ಯವಸ್ಥೆ ಇದೆ. ಅದೂ 2026ರ ಅಕ್ಟೋಬರ್‌ವರೆಗೆ ಮಾತ್ರ. ಸರಿ, ವಿಂಡೋಸ್ 11 ಹಾಕಿಸೋಣ ಅಂದ್ರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಅಂದರೆ 2017ಕ್ಕಿಂತ ಹಿಂದೆ ಕೊಂಡ ಬಹುತೇಕ ಕಂಪ್ಯೂಟರ್‌ಗಳು ಚೆನ್ನಾಗಿ ಓಡುತ್ತಿದ್ದರೂ ಕಂಪನಿ ಲೆಕ್ಕದಲ್ಲಿ ಹೊರಗೆ.

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಅಡಿಕೆ ಮಂಡಿಯ ಬಿಲ್ಲಿಂಗ್ ಕೌಂಟರ್, ಟ್ಯೂಷನ್ ಸೆಂಟರ್ ಎಲ್ಲ ಕಡೆ ಈ ಕಾಲದ ಮಷಿನ್‌ಗಳಿವೆ. ಇವು ಈಗ ಒಂದೊಂದಾಗಿ ಹೊರಗೆ ಬರುತ್ತವೆ. ಹೊಸದು ಬಂದಾಗ ಹಳೇದರ ಜೊತೆ ಅದಕ್ಕೂ ಹಳೇದು, ಅಟ್ಟದಲ್ಲಿದ್ದ ಪೆಂಟಿಯಂ ಕೂಡ ಗುಜರಿ ಗಾಡಿ ಹತ್ತುತ್ತದೆ.

ಎರಡನೇ ಕಾರಣ, ರ‍್ಯಾಮ್ ಬೆಲೆ. 2025ರ ಕೊನೆಯಲ್ಲಿ ಕಂಪ್ಯೂಟರ್ ಮೆಮೊರಿ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಬೇಡಿಕೆ ಹೆಚ್ಚಿ, ಕಂಪನಿಗಳು ಅತ್ತ ತಿರುಗಿದವು. ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ಬ್ರಾಂಡಿನ ವ್ಯವಹಾರದಿಂದಲೇ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೀಗಾಗಿ ಹೊಸ ಕಂಪ್ಯೂಟರ್ ಕೊಳ್ಳೋದು ತುಟ್ಟಿ. ಹಳೇ ಮಷಿನ್‌ನಲ್ಲಿರುವ ಡಿಡಿಆರ್ 4 ರ‍್ಯಾಮ್‌ಗೆ ಮತ್ತೆ ಬೆಲೆ ಬಂದಿದೆ. ಒಂದು ಕಡೆ ಹಳೇದನ್ನು ಬಿಸಾಕಿ ಅನ್ನೋ ಒತ್ತಡ, ಇನ್ನೊಂದು ಕಡೆ ಹಳೇದಕ್ಕೇ ಬೇಡಿಕೆ. ತೂಕದ ಲೆಕ್ಕದಲ್ಲಿ ಮಾರುವವರು ಈ ನಡುವೆ ಸಿಕ್ಕಿಬಿದ್ದಿದ್ದಾರೆ.

ಎಲ್ಲ ಹಳೇದೂ ‘ವಿಂಟೇಜ್’ ಅಲ್ಲ

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಹಳೇ ಕಂಪ್ಯೂಟರ್ ಅಂದ್ರೆ ಮೂರು ತರಹ.

- ಕೆಲಸಕ್ಕೆ ಬರುವ ಹಳೇದು: ಸುಮಾರು 2010ರಿಂದ 2017ರವರೆಗಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್. ಇದಕ್ಕೆ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ ತರಹದ ಉಚಿತ ತಂತ್ರಾಂಶ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಕನ್ನಡದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಶಾಲೆಗೆ, ಮಕ್ಕಳ ಕಲಿಕೆಗೆ ಸಾಕು.

- ಬಿಡಿಭಾಗದ ಹಳೇದು: ಪೆಂಟಿಯಂ 4, ಡ್ಯುಯಲ್ ಕೋರ್ ಕಾಲದ್ದು. ಪೂರ್ತಿ ಮಷಿನ್‌ಗೆ ಬೆಲೆ ಇಲ್ಲ. ಆದ್ರೆ ಎಸ್‌ಎಂಪಿಎಸ್, ಕೇಬಲ್, ಡಿವಿಡಿ ಡ್ರೈವ್, ಫ್ಲಾಪಿ ಡ್ರೈವ್ ರಿಪೇರಿಯವರಿಗೆ ಬೇಕು.

- ಸಂಗ್ರಹದ ಹಳೇದು: 1980, 90ರ ದಶಕದ್ದು. ಹವ್ಯಾಸಿಗಳು ಹುಡುಕಿಕೊಂಡು ಬರುವುದು ಇದಕ್ಕೆ.

ಜನ ತಪ್ಪೋದು ಇಲ್ಲೇ. ಮೂರನೇದನ್ನು ಗುಜರಿಗೆ ಹಾಕಿ, ಎರಡನೇದಕ್ಕೆ ಲಕ್ಷ ಬರುತ್ತೆ ಅಂತ ಕಾಯ್ತಾರೆ!

ನಮ್ಮ ಭಾಗಕ್ಕೆ ಕಂಪ್ಯೂಟರ್ ಬಂದ ದಾರಿ

ತಾಲೂಕಿನ ಬಹುಪಾಲು ಜನ ಮೊದಲು ಕಂಪ್ಯೂಟರ್ ನೋಡಿದ್ದು ತಾಲೂಕು ಕಚೇರಿಯಲ್ಲಿ. 2000ದ ಆಸುಪಾಸಿನಲ್ಲಿ ಶುರುವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ 15 ರೂಪಾಯಿ ಕೊಟ್ಟು ಕಿಟಕಿ ಮುಂದೆ ಪ್ರಿಂಟ್ ತೆಗೆಸಿಕೊಂಡ ನೆನಪು ಐವತ್ತು ದಾಟಿದ ಪ್ರತಿ ರೈತನಿಗೂ ಇದೆ.

ಅದೇ ಕಾಲಕ್ಕೆ ಪೇಟೆಯಲ್ಲಿ ಡಿಟಿಪಿ ಸೆಂಟರ್‌ಗಳು ತಲೆ ಎತ್ತಿದವು. ಮೊಳೆ ಜೋಡಿಸುತ್ತಿದ್ದ ಪ್ರಿಂಟಿಂಗ್ ಪ್ರೆಸ್‌ಗಳು ಪೇಜ್‌ಮೇಕರ್‌ಗೆ ಬದಲಾದವು. 1998ರಲ್ಲಿ ‘ಬರಹ’ ಬಂತು, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಊರಿನ ವಾರಪತ್ರಿಕೆ ಎಲ್ಲ ಇವುಗಳಲ್ಲೇ ತಯಾರಾದವು. ಆಮೇಲೆ ಸೈಬರ್ ಸೆಂಟರ್ ಕಾಲ. ಗಂಟೆಗೆ ಇಷ್ಟು ಅಂತ ಕೊಟ್ಟು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ್ದು, ಸಿಇಟಿ ಅರ್ಜಿ ಹಾಕಿದ್ದು ಅಲ್ಲೇ.

ಈ ಮಷಿನ್‌ಗಳು ಯಾವ ಮ್ಯೂಸಿಯಂಗೂ ಹೋಗಿಲ್ಲ. ಕಚೇರಿಯದ್ದು ಸ್ಟೋರ್ ರೂಮಿಗೆ, ಅಂಗಡಿಯದ್ದು ಮಾಡಿ ಮೇಲಕ್ಕೆ, ಮನೆಯದ್ದು ಅಟ್ಟಕ್ಕೆ ಹೋಗಿವೆ. ಹಾಗಾಗಿ ತಾಲೂಕು ಮಟ್ಟದಲ್ಲಿ ಕನ್ನಡ ಕಂಪ್ಯೂಟರ್‌ಗೆ ಏರಿದ ಕಥೆಯ ಸಾಕ್ಷಿ ಏನಾದರೂ ಉಳಿದಿದ್ದರೆ, ಅದು ಇಂತಹ ಮೂಲೆಗಳಲ್ಲಿ ಮಾತ್ರ.

ಸಂಗ್ರಹಕಾರರು ಏನು ಹುಡುಕ್ತಾರೆ?

ವಿದೇಶದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಮಾರುಕಟ್ಟೆ ಇದೆ. 1976ರಲ್ಲಿ 666 ಡಾಲರ್ 66 ಸೆಂಟ್‌ಗೆ ಮಾರಿದ ಆಪಲ್ 1 ಕಂಪ್ಯೂಟರ್ ತಯಾರಾದದ್ದು ಸುಮಾರು 200 ಮಾತ್ರ. ಅದರಲ್ಲಿ ಒಂದು 2014ರ ಹರಾಜಿನಲ್ಲಿ 9 ಲಕ್ಷ ಡಾಲರ್ ದಾಟಿತು. ಕೊಂಡದ್ದು ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂ. 1982ರಲ್ಲಿ ಬಂದ ಕಮೋಡೋರ್ 64 ಮೇಲೆ ಜನರಿಗೆ ಎಷ್ಟು ಪ್ರೀತಿ ಅಂದ್ರೆ, ಮುಚ್ಚಿಹೋಗಿದ್ದ ಆ ಬ್ರಾಂಡನ್ನು 2025ರಲ್ಲಿ ಹಳೇ ಅಭಿಮಾನಿಗಳ ತಂಡವೇ ಕೊಂಡುಕೊಂಡಿತು.

ನಮ್ಮಲ್ಲಿ ಆಪಲ್ 1 ಸಿಗೋದಿಲ್ಲ. ಸಿಗಬಹುದಾದ್ದು ಬೇರೆ.

ಬಿಬಿಸಿ ಮೈಕ್ರೋ: ಕೇಂದ್ರ ಸರ್ಕಾರ 1984-85ರಲ್ಲಿ ‘ಕ್ಲಾಸ್’ ಹೆಸರಿನ ಯೋಜನೆಯಲ್ಲಿ ದೇಶದ ಆಯ್ದ ಶಾಲೆಗಳಿಗೆ ಈ ಬ್ರಿಟಿಷ್ ಕಂಪ್ಯೂಟರ್ ಕೊಟ್ಟಿತ್ತು. ಹಳೇ ಶಾಲೆಗಳ ಬೀರುವಿನಲ್ಲಿ ಕಪ್ಪು, ಕೆಂಪು ಕೀ ಇರುವ ದಪ್ಪ ಕೀಬೋರ್ಡಿನಂತಹ ಡಬ್ಬ ಕಂಡರೆ ಅದನ್ನು ಕೀಬೋರ್ಡ್ ಅಂತ ಬಿಸಾಕಬೇಡಿ. ಅದೇ ಇಡೀ ಕಂಪ್ಯೂಟರ್.

ದೇಶಿ ಬ್ರಾಂಡ್‌ಗಳು: ವಿಪ್ರೋ 1980ರ ದಶಕದ ಆರಂಭದಲ್ಲೇ ಬೆಂಗಳೂರಿನಲ್ಲಿ ಕಂಪ್ಯೂಟರ್ ರೂಪಿಸಿತು. ವಿಪ್ರೋ, ಎಚ್‌ಸಿಎಲ್ ಎರಡೂ 2013ರ ಹೊತ್ತಿಗೆ ಪಿಸಿ ತಯಾರಿಕೆ ನಿಲ್ಲಿಸಿದವು. ಇವರ 286, 386, 486 ಮಷಿನ್‌ಗಳು ಹೆಸರಿನ ಬಿಲ್ಲೆ ಸಮೇತ ಇದ್ದರೆ ಹವ್ಯಾಸಿಗಳಿಗೆ ಹಬ್ಬ.

ಸಿಂಪ್ಯೂಟರ್: ಇದು ನಮ್ಮ ರಾಜ್ಯದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅಲ್ಲಿನ ಎಂಜಿನಿಯರ್‌ಗಳು ಸೇರಿ ಹಳ್ಳಿ ಜನರಿಗಾಗಿ ರೂಪಿಸಿದ ಅಂಗೈ ಕಂಪ್ಯೂಟರ್. ‘ಅಮಿಡಾ’ ಹೆಸರಿನಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂತು, ಬಿಇಎಲ್ ತಯಾರಿಸಿತು. ಅದರಲ್ಲಿ ಲಿನಕ್ಸ್ ಇತ್ತು, ಓರೆ ಮಾಡಿದರೆ ಅರಿಯುವ ಸೆನ್ಸರ್ ಇತ್ತು. ಐಫೋನ್ ಬರುವುದಕ್ಕೆ ಮೂರು ವರ್ಷ ಮುಂಚಿನ ಮಾತು ಇದು. ರಾಜ್ಯ ಸರ್ಕಾರ ಭೂ ದಾಖಲೆಯ ಕೆಲಸಕ್ಕೂ ಬಳಸಿತ್ತು. ಮಾರಾಟ ಕೈಕೊಟ್ಟಿತು. ಇವತ್ತು ಒಂದು ಚಾಲೂ ಸಿಂಪ್ಯೂಟರ್ ಸಿಗೋದು ಕಷ್ಟ.

ಟಿವಿಎಸ್ ಗೋಲ್ಡ್ ಕೀಬೋರ್ಡ್: ‘ಟಕ್ ಟಕ್’ ಅನ್ನುವ ಭಾರದ ಕೀಬೋರ್ಡ್ ಇಲ್ಲದ ಡಿಟಿಪಿ ಸೆಂಟರ್, ಬಿಲ್ಲಿಂಗ್ ಕೌಂಟರ್ ಇರಲಿಲ್ಲ. ಹಳೆಯವುಗಳ ಒಳಗೆ ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್‌ಗಳಿದ್ದವು. ಇವತ್ತಿನ ಹುಡುಗರು ‘ಮೆಕ್ಯಾನಿಕಲ್ ಕೀಬೋರ್ಡ್’ ಅಂತ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳೋದು ಇದೇ ಜಾತಿಯದ್ದನ್ನ. ಗುಜರಿಯಲ್ಲಿ ಅದು ಬರೀ ಪ್ಲಾಸ್ಟಿಕ್.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೂಡ ಹಾಗೇ. ‘ಕರ‍್ರ್ ಕರ‍್ರ್’ ಅಂತ ಕಾರ್ಬನ್ ಕಾಪಿ ಸಮೇತ ಬಿಲ್ ಹೊಡೆಯುವ ಈ ಪ್ರಿಂಟರ್ ಇನ್ನೂ ಮಂಡಿ, ಗೋದಾಮುಗಳಲ್ಲಿ ದುಡಿಯುತ್ತಿದೆ. ಹಾಗಾಗಿ ಇದರ ಹೆಡ್, ಗೇರ್, ರಿಬ್ಬನ್ ಕ್ಯಾಸೆಟ್‌ಗೆ ಇವತ್ತಿಗೂ ಗಿರಾಕಿ ಇದ್ದಾರೆ.

ಮಲೆನಾಡಿನ ಶೀತ, ಇರುವೆ ಮತ್ತು ಸೀರೀಸ್ ಬಲ್ಬ್

ಹಳೇ ಮಷಿನ್ ಕೆಡೋದು ಓಡಿಸಿದ್ದಕ್ಕಿಂತ ಇಟ್ಟಿದ್ದಕ್ಕೇ ಜಾಸ್ತಿ. ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಳೆಗಾಲದ ಶೀತಕ್ಕೆ ಸ್ಲಾಟ್‌ಗಳಿಗೆ ಕಿಲುಬು ಹಿಡಿಯುತ್ತದೆ, ಫ್ಲಾಪಿ ಮೇಲೆ ಬೂಷ್ಟು ಬರುತ್ತದೆ, ಡಬ್ಬದೊಳಗೆ ಇರುವೆ, ಜಿರಲೆ ಗೂಡು ಕಟ್ಟುತ್ತವೆ.

ರಿಪೇರಿ ಮಾಡುವವರು ಡಬ್ಬ ಬಿಚ್ಚಿದ ಕೂಡಲೇ ನೋಡುವುದು ಎರಡು ಜಾಗ. ಒಂದು ಬ್ಯಾಟರಿ. 386, 486 ಕಾಲದ ಬೋರ್ಡ್‌ಗಳಲ್ಲಿ ಬೆಸುಗೆ ಹಾಕಿದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅದು ವರ್ಷಗಳ ನಂತರ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬು ಕಂಡರೆ ಮೊದಲು ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸ್ವಚ್ಛ ಮಾಡಬೇಕು. ನಂತರದ ಬೋರ್ಡ್‌ಗಳಲ್ಲಿ ಸಿಆರ್ 2032 ಎಂಬ ಗುಂಡು ಸೆಲ್ ಇದೆ. ಕಂಪ್ಯೂಟರ್‌ನ ತಾರೀಕು ತಪ್ಪುತ್ತಿದ್ದರೆ ಹೆಚ್ಚಿನ ಸಲ ತಪ್ಪು ಆ ಸೆಲ್ಲಿನದ್ದೇ. ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಎರಡನೇದು ಕೆಪಾಸಿಟರ್. 2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಳಪೆ ಕೆಪಾಸಿಟರ್‌ಗಳ ಹಾವಳಿ ಇತ್ತು. ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಗಳ ತಲೆ ಪೂರಿಯಂತೆ ಉಬ್ಬಿದ್ದರೆ ಅವು ಹೋಗಿವೆ ಅಂತ ಅರ್ಥ. ಬೆಸುಗೆ ಗೊತ್ತಿದ್ದವರು ಬದಲಾಯಿಸಿದರೆ ಸತ್ತ ಬೋರ್ಡ್ ಎದ್ದು ಕೂರುತ್ತದೆ.

ಅಟ್ಟದಿಂದ ಇಳಿಸಿದ ಕಂಪ್ಯೂಟರನ್ನು ‘ನೋಡೋಣ ಆನ್ ಆಗುತ್ತಾ’ ಅಂತ ನೇರ ಪ್ಲಗ್‌ಗೆ ಹಾಕುವುದು ದೊಡ್ಡ ತಪ್ಪು. ಮೊದಲು ಧೂಳು ತೆಗೆಯಬೇಕು. ಎಸ್‌ಎಂಪಿಎಸ್ ಹಿಂದೆ 115-230 ಅಂತ ಕೆಂಪು ಸ್ವಿಚ್ ಇದ್ದರೆ 230ರಲ್ಲಿದೆಯಾ ನೋಡಬೇಕು. ಹಳೇ ಟೀವಿ ಮೆಕ್ಯಾನಿಕ್‌ಗಳು ಬಳಸುತ್ತಿದ್ದ ಸೀರೀಸ್ ಬಲ್ಬ್ ಉಪಾಯ ಇಲ್ಲೂ ನಡೆಯುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮಷಿನ್ ಸುಡೋದಿಲ್ಲ.

ಒಂದು ಎಚ್ಚರಿಕೆ. ಡಬ್ಬಾ ಮಾನಿಟರ್ ಒಳಗೆ 20 ಸಾವಿರ ವೋಲ್ಟ್‌ಗೂ ಹೆಚ್ಚು ವಿದ್ಯುತ್ ಓಡುತ್ತದೆ, ಪ್ಲಗ್ ತೆಗೆದ ಮೇಲೂ ಒಳಗೆ ಉಳಿದಿರಬಹುದು. ಎಸ್‌ಎಂಪಿಎಸ್ ಒಳಗೂ 300 ವೋಲ್ಟ್ ಮೇಲೆ ಇರುತ್ತದೆ. ಯೂಟ್ಯೂಬ್ ನೋಡಿ ಮಕ್ಕಳು ಇವೆರಡನ್ನು ಬಿಚ್ಚದಂತೆ ನೋಡಿಕೊಳ್ಳಿ.

ಟೀವಿ, ರೇಡಿಯೋ ರಿಪೇರಿ ಮಾಡಿ ತಲೆ ನರೆತ ಮೆಕ್ಯಾನಿಕ್‌ಗಳು ಪ್ರತಿ ಪೇಟೆಯಲ್ಲೂ ಇದ್ದಾರೆ. ಈಗ ಅವರಿಗೆ ಕೆಲಸ ಕಮ್ಮಿ. ಮಲ್ಟಿಮೀಟರ್ ಹಿಡಿದು ಬೋರ್ಡ್ ಓದುವ ಅವರ ವಿದ್ಯೆ ಹೊಸ ಮೊಬೈಲ್ ಅಂಗಡಿಗಳಲ್ಲಿ ‘ಬೋರ್ಡ್ ಹೋಗಿದೆ, ಚೇಂಜ್ ಮಾಡ್ಬೇಕು’ ಅನ್ನುವಲ್ಲಿಗೆ ನಿಂತಿದೆ. ಹಳೇ ಕಂಪ್ಯೂಟರ್ ಹವ್ಯಾಸಿಗಳು ಎಲ್ಲೇ ಇರಲಿ, ಮೊದಲು ಹುಡುಕಿ ಹೋಗೋದು ಇಂತಹ ಮೆಕ್ಯಾನಿಕ್‌ಗಳ ಹತ್ತಿರ.

ಬೆಲೆ ಎಷ್ಟು? ಲಕ್ಷದ ಕನಸು ಬೇಡ

ವಿದೇಶಿ ಹರಾಜಿನ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡಿದಾಗ ‘ನಮ್ಮನೇಲೂ ಹಳೇ ಕಂಪ್ಯೂಟರ್ ಇದೆ’ ಅನ್ನೋ ಆಸೆ ಹುಟ್ಟುತ್ತದೆ. ವಾಸ್ತವ ಏನಂದ್ರೆ, ಬೆಲೆ ನಿಲ್ಲೋದು ನಾಲ್ಕು ವಿಷಯದ ಮೇಲೆ: ಎಷ್ಟು ಅಪರೂಪ, ಓಡುತ್ತಾ ಇಲ್ವಾ, ಎಲ್ಲ ಭಾಗ ಇದೆಯಾ, ಮೂಲ ಡಬ್ಬ-ಪುಸ್ತಕ ಜೊತೆಗಿದೆಯಾ. ಲಕ್ಷಗಟ್ಟಲೆ ತಯಾರಾದ ಪೆಂಟಿಯಂ 4 ಎಷ್ಟೇ ಹಳೇದಾದರೂ ಅಪರೂಪ ಅಲ್ಲ.

ಚಿನ್ನದ ಮಾತೂ ಹಾಗೇ. ಬೋರ್ಡ್, ಪ್ರೊಸೆಸರ್‌ಗಳಲ್ಲಿ ಚಿನ್ನ ಇರೋದು ನಿಜ. ಆದ್ರೆ ಒಂದು ಕಂಪ್ಯೂಟರ್‌ನಲ್ಲಿ ಅದು ಮಿಲಿಗ್ರಾಂ ಲೆಕ್ಕ. ತೆಗೆಯಲು ಆ್ಯಸಿಡ್, ಸಯನೈಡ್ ಬೇಕು. ಮನೆ ಹಿತ್ತಲಲ್ಲಿ ಮಾಡೋ ಕೆಲಸ ಅದಲ್ಲ. ಇನ್ನು ಹಳೇ ಟೀವಿ, ರೇಡಿಯೋದಲ್ಲಿ ‘ರೆಡ್ ಮರ್ಕ್ಯುರಿ’ ಇದೆ, ಕೋಟಿ ಬೆಲೆ ಅನ್ನೋದು ಪೂರ್ತಿ ಸುಳ್ಳು.

ಮೋಸದ ಬಗ್ಗೆಯೂ ಎಚ್ಚರ ಇರಲಿ. ಹಳೇ ನೋಟು, ನಾಣ್ಯ ಕೊಳ್ತೀವಿ ಅಂತ ಹೇಳಿ ಶುಲ್ಕ, ತೆರಿಗೆ ಹೆಸರಲ್ಲಿ ಮುಂಗಡ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ಹಳೇ ಕಂಪ್ಯೂಟರ್ ಹೆಸರಲ್ಲೂ ಅದೇ ನಾಟಕ ನಡೆಯಬಹುದು. ಮಾರುವವನು ಕೊಳ್ಳುವವನಿಗೆ ಮುಂಗಡ ದುಡ್ಡು ಕೊಡುವ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ.

ಅಂಗಡಿಯವರಿಗೆ ಒಂದು ಲೆಕ್ಕದ ಮಾತು: ಜಿಎಸ್‌ಟಿ ನೋಂದಣಿ ಇರುವವರು ಹಳೇ ಸಾಮಾನು ಕೊಂಡು, ಅದರ ಸ್ವರೂಪ ಬದಲಾಗದಂತೆ ಸಣ್ಣಪುಟ್ಟ ರಿಪೇರಿ ಮಾಡಿ ಮಾರಿದರೆ, ಕೊಂಡಾಗ ಇನ್‌ಪುಟ್ ಕ್ರೆಡಿಟ್ ಪಡೆಯದಿದ್ದಲ್ಲಿ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕುವ ಅವಕಾಶ ನಿಯಮದಲ್ಲಿದೆ. ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಇಳಿಯುವವರು ತಮ್ಮ ಲೆಕ್ಕಪರಿಶೋಧಕರ ಹತ್ತಿರ ಇದನ್ನು ಕೇಳಿಕೊಳ್ಳೋದು ಒಳ್ಳೇದು. ಕೊಂಡದ್ದಕ್ಕೆ ಚೀಟಿ ಇಟ್ಟುಕೊಂಡರೆ ಕಳವು ಮಾಲಿನ ತಲೆನೋವೂ ಇಲ್ಲ.

ನಿಜವಾದ ಅಪಾಯ ಹಾರ್ಡ್ ಡಿಸ್ಕ್‌ನಲ್ಲಿದೆ

ಇದು ಇಡೀ ವಿಷಯದ ಮುಖ್ಯ ಭಾಗ. ಒಂದು ಸೈಬರ್ ಸೆಂಟರ್ ಅಥವಾ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಯೋಚಿಸಿ. ಹತ್ತು ವರ್ಷ ಅದರಲ್ಲಿ ಆಧಾರ್ ಪ್ರತಿ, ಪಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಫೋಟೋ ಸ್ಕ್ಯಾನ್ ಆಗಿವೆ. ಗಿರಾಕಿ ಹೋದ ಮೇಲೆ ಅಳಿಸಿದವರು ಎಷ್ಟು ಜನ? ಅಳಿಸಿದರೂ ರಿಸೈಕಲ್ ಬಿನ್ ಖಾಲಿ ಮಾಡಿದ್ದು ಅಷ್ಟೇ.

ಡಿಲೀಟ್ ಮಾಡಿದ್ದು, ಕ್ವಿಕ್ ಫಾರ್ಮ್ಯಾಟ್ ಮಾಡಿದ್ದು ಹೋಗಿರೋದಿಲ್ಲ. ಪುಸ್ತಕದ ಪರಿವಿಡಿ ಹರಿದ ಹಾಗೆ ಅಷ್ಟೇ, ಪುಟಗಳು ಒಳಗೇ ಇರುತ್ತವೆ. ಉಚಿತವಾಗಿ ಸಿಗುವ ತಂತ್ರಾಂಶ ಬಳಸಿ ಯಾರು ಬೇಕಾದರೂ ವಾಪಸ್ ತೆಗೆಯಬಹುದು. ಆ ಡಿಸ್ಕ್ ಗುಜರಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಯಾರ ಕೈ ಸೇರಿತು ಅಂತ ಹೇಳುವವರಿಲ್ಲ. ಊರಿನ ಜನ ನಂಬಿ ಕೊಟ್ಟ ಕಾಗದದ ಜವಾಬ್ದಾರಿ ಅಂಗಡಿಯವರ ಮೇಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಿಕ್ಕೂ ಇದೇ.

ಮಾಡಬೇಕಾದ್ದು ಇಷ್ಟು:

- ಕಂಪ್ಯೂಟರ್ ಯಾರಿಗೇ ಕೊಡಿ, ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸ್ಕ್ರೂ ಡ್ರೈವರ್ ಇದ್ದರೆ ಹತ್ತು ನಿಮಿಷದ ಕೆಲಸ.
- ಒಳಗಿನದ್ದು ಬೇಕಾದರೆ ಯುಎಸ್‌ಬಿ ಕನ್ವರ್ಟರ್ ಕೇಬಲ್‌ನಿಂದ ಹೊಸ ಡ್ರೈವ್‌ಗೆ ನಕಲು ತೆಗೆಸಿ. ಹಳೇ ಅಗಲ ಪಟ್ಟಿಯ ಐಡಿಇ ಡಿಸ್ಕ್‌ಗೂ ಕೇಬಲ್ ಸಿಗುತ್ತದೆ.
- ಡಿಸ್ಕ್ ಮರುಬಳಕೆಗೆ ಹೋಗುವುದಾದರೆ ಪೂರ್ತಿ ಸೊನ್ನೆ ತುಂಬಿ ಅಳಿಸಬೇಕು. ಕ್ವಿಕ್ ಫಾರ್ಮ್ಯಾಟ್ ಸಾಲದು.
- ಕೆಟ್ಟ ಡಿಸ್ಕ್ ಆದರೆ ಒಳಗಿನ ತಟ್ಟೆಗೆ ಡ್ರಿಲ್ಲಿಂಗ್ ಮಷಿನ್‌ನಿಂದ ತೂತು ಹೊಡೆಸಿ.

ಡಿಸ್ಕ್ ತೆಗೆದರೆ ಬೆಲೆ ಬಿದ್ದುಹೋಗುತ್ತೆ ಅನ್ನೋ ಚಿಂತೆ ಬೇಡ. ಸಂಗ್ರಹಕಾರರು ಹಳೇ ಡಿಸ್ಕ್ ನಂಬೋದೇ ಇಲ್ಲ. ಬದಲಿಗೆ ಮೆಮೊರಿ ಕಾರ್ಡ್ ಅಡಾಪ್ಟರ್ ಹಾಕಿ ಓಡಿಸುತ್ತಾರೆ.

ಕಳೆದುಹೋಗುತ್ತಿರುವ ಕನ್ನಡ ಫೈಲ್‌ಗಳು

ಅಳಿಸಬೇಕಾದ್ದು ಇರುವಂತೆ ಉಳಿಸಬೇಕಾದ್ದೂ ಅದೇ ಡಿಸ್ಕ್‌ನಲ್ಲಿದೆ. ಊರಿನ ದೇವಸ್ಥಾನದ ಇತಿಹಾಸದ ಕಿರುಪುಸ್ತಕ, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ನಿಂತುಹೋದ ವಾರಪತ್ರಿಕೆಯ ಸಂಚಿಕೆಗಳು, ಸಂಘದ ಹಳೇ ನಡಾವಳಿ. ಇವೆಲ್ಲ ಪೇಜ್‌ಮೇಕರ್ ಫೈಲ್ ಆಗಿ, ಫ್ಲಾಪಿಯಲ್ಲಿ, ಸಿಡಿಯಲ್ಲಿ ಕೂತಿವೆ.

ಸಮಸ್ಯೆ ಎರಡು ಪದರದ್ದು. ಮೊದಲು ಓದುವ ಯಂತ್ರ ಬೇಕು. 1.44 ಎಂಬಿಯ ಫ್ಲಾಪಿ ಮಾರಾಟವನ್ನು ಸೋನಿ ಕಂಪನಿ 2011ರಲ್ಲೇ ನಿಲ್ಲಿಸಿತು. ಎರಡನೇದು ಅಕ್ಷರದ್ದು. ಆಗಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇವತ್ತಿನ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದ ವ್ಯವಸ್ಥೆ ಅದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಅದನ್ನು ನೋಡಿ ‘ಫೈಲ್ ಹಾಳಾಗಿದೆ’ ಅಂತ ಅಳಿಸಿಬಿಡುತ್ತಾರೆ. ಹಾಳಾಗಿರೋದಿಲ್ಲ. ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡ್‌ಗೆ ತರಬಹುದು.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0. ಅದಕ್ಕೆ ಈಗ ದಿಕ್ಕಿಲ್ಲ. ಆ ಫೈಲ್ ತೆರೆಯಲು ಸುಲಭದ ದಾರಿ ಅಂದ್ರೆ ಅದೇ ಕಾಲದ ಕಂಪ್ಯೂಟರ್, ಅದೇ ಕಾಲದ ವಿಂಡೋಸ್ ಎಕ್ಸ್‌ಪಿ, ಅದೇ ಫಾಂಟ್. ಹಳೇ ಮಷಿನ್ ಓಡಿಸಿ ಇಟ್ಟುಕೊಂಡ ಒಬ್ಬ ಹವ್ಯಾಸಿ ಊರಲ್ಲಿದ್ದರೆ ಆ ಫೈಲುಗಳು ಬದುಕುತ್ತವೆ. ಆ ಮಷಿನ್ ಇಂಟರ್‌ನೆಟ್‌ಗೆ ಜೋಡಿಸಬಾರದು ಅನ್ನೋದೊಂದು ನೆನಪಿರಲಿ. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದೆ.

ಗುಜರಿಯವರನ್ನು ಬೈದರೆ ಆಗಲ್ಲ

ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋಗಿದ್ದು ಶೇ 22.3 ಮಾತ್ರ. ನಮ್ಮ ದೇಶದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರ ಮೇಲೆ ಮರುಬಳಕೆಯ ಹೊಣೆ ಇದೆ, ಮರುಬಳಕೆ ಘಟಕಗಳಿಗೆ ನೋಂದಣಿ ಕಡ್ಡಾಯ.

ಕಾಗದದ ಮೇಲೆ ಸರಿ. ಆದ್ರೆ ಹಳ್ಳಿಯ ಒಂದು ಸಿಪಿಯು ಡಬ್ಬ ನೋಂದಾಯಿತ ಘಟಕ ತಲುಪಿಸೋದು ಯಾರು? ಮನೆ ಬಾಗಿಲಿಗೆ ಬರೋದು ಗುಜರಿಯವರು ಮಾತ್ರ. ಅವರಿಗೆ ತೂಕ, ತಾಮ್ರ, ಅಲ್ಯೂಮಿನಿಯಂ ಗೊತ್ತು. ವೈರ್ ಸುಟ್ಟು ತಾಮ್ರ ತೆಗೆಯುವಾಗ ಹೊಗೆ ಕುಡಿಯೋದು ಅವರ ಮಕ್ಕಳೇ. ಡಬ್ಬಾ ಮಾನಿಟರ್ ಗಾಜಿನಲ್ಲಿ ಸೀಸ ಇದೆ. ತಾಮ್ರದ ಸುರುಳಿ ಬಿಚ್ಚಿಕೊಂಡು ಗಾಜನ್ನು ಹಳ್ಳದ ದಂಡೆಗೆ ಎಸೆದರೆ ಅದು ಅಲ್ಲೇ ಉಳಿಯುತ್ತದೆ. ಮಾನಿಟರನ್ನು ಮಾತ್ರ ಒಡೆಯದೆ ಹಾಗೇ ಇಡೀಯಾಗಿ ಮುಂದೆ ಕಳಿಸಿ ಅಂತ ಗುಜರಿಯವರಿಗೆ ಹೇಳುವ ಕೆಲಸವನ್ನು ಪುರಸಭೆ, ಪಟ್ಟಣ ಪಂಚಾಯಿತಿ ಮಾಡಬೇಕಿದೆ.

ಹವ್ಯಾಸಿಗಳು ಗುಜರಿಯವರ ಜೊತೆ ಇಟ್ಟುಕೊಳ್ಳುವ ವ್ಯವಹಾರದಲ್ಲಿ ಎಲ್ಲರಿಗೂ ಪಾಠ ಇದೆ. ‘ಅಣ್ಣ, ಹಸಿರು ಬೋರ್ಡ್, ಕೀಬೋರ್ಡ್ ಬಂದ್ರೆ ಒಡೀಬೇಡ, ಒಂದು ಫೋನ್ ಹಾಕು, ತೂಕದ ರೇಟಿಗಿಂತ ಜಾಸ್ತಿ ಕೊಡ್ತೀನಿ’ ಅಂತ ಹೇಳಿಟ್ಟರೆ ಸಾಕು. ಗುಜರಿಯವನಿಗೆ ನಾಲ್ಕು ಕಾಸು ಹೆಚ್ಚು, ಹವ್ಯಾಸಿಗೆ ಸಾಮಾನು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಬಿಡಿಭಾಗದ ವ್ಯಾಪಾರವೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ: ಒಡೆಯುವ ಮುಂಚೆ ವಿಂಗಡಿಸು.

ಹವ್ಯಾಸಕ್ಕೂ ಮಿತಿ ಇದೆ

ಎಲ್ಲವನ್ನೂ ಉಳಿಸಲಾಗದು. ಜಾಗ ಬೇಕು, ಶೀತ ತಾಗದ ಕೋಣೆ ಬೇಕು, ಮನೆಯವರ ಸಹನೆ ಬೇಕು. ಕೂಡಿಡುವ ಚಟಕ್ಕೂ ಸಂಗ್ರಹಕ್ಕೂ ನಡುವೆ ತೆಳು ಗೆರೆ ಇದೆ. ಓಡಿಸದೆ, ಪಟ್ಟಿ ಮಾಡದೆ ಹತ್ತು ಡಬ್ಬ ಪೇರಿಸಿಟ್ಟರೆ ಅದು ಇನ್ನೊಂದು ಅಟ್ಟ ಅಷ್ಟೇ. ಹವ್ಯಾಸಿಗೆ ಬೇಡವಾದ ಬೋರ್ಡ್ ಕೂಡ ಕೊನೆಗೆ ಇ-ತ್ಯಾಜ್ಯವೇ. ಹಾಗಾಗಿ ತಾಲೂಕಿನ ಸಾವಿರಾರು ಹಳೇ ಮಷಿನ್‌ಗಳ ಭಾರವನ್ನು ನಾಲ್ಕು ಜನ ಹವ್ಯಾಸಿಗಳ ಮೇಲೆ ಹಾಕಲು ಆಗೋದಿಲ್ಲ.

ಆಗೋದು ಇಷ್ಟು. ಶಾಲೆ, ಸಹಕಾರ ಸಂಘಗಳು ದಾಸ್ತಾನು ಪುಸ್ತಕದಿಂದ ತೆಗೆದು ಹರಾಜು ಹಾಕುವ ಮುಂಚೆ ಒಬ್ಬ ತಿಳಿದವರಿಂದ ವಿಂಗಡಣೆ ಮಾಡಿಸುವುದು. ತಾಲೂಕು ಗ್ರಂಥಾಲಯದ ಒಂದು ಮೂಲೆಯಲ್ಲಿ ಫ್ಲಾಪಿ ಡ್ರೈವ್, ಹಳೇ ಕನ್ನಡ ಫಾಂಟ್ ಇರುವ ಒಂದು ಚಾಲೂ ಕಂಪ್ಯೂಟರ್ ಇಡುವುದು. ಐಟಿಐ, ಪಾಲಿಟೆಕ್ನಿಕ್ ಹುಡುಗರಿಗೆ ಬೋರ್ಡ್ ರಿಪೇರಿ ಕಲಿಯಲು ಸತ್ತ ಮಷಿನ್ ಕೊಡುವುದು. ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ಅಂಗಡಿಯವರು, ಮನೆಯವರು ಮಾಡಬೇಕಾದ್ದು ಇನ್ನೂ ಸುಲಭ. ಗುಜರಿ ಗಾಡಿ ಬಂದಾಗ ಒಂದು ಸಲ ಡಬ್ಬ ಬಿಚ್ಚಿ. ಹಾರ್ಡ್ ಡಿಸ್ಕ್ ಕೈಗೆ ತೆಗೆದುಕೊಳ್ಳಿ, ಅದರಲ್ಲಿ ನಿಮ್ಮೂರಿನ ಜನರ ಗುಟ್ಟು ಇದೆ, ನಿಮ್ಮೂರಿನ ಕಥೆಯೂ ಇದೆ. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಅಂತ ನೋಡಿ. ಉಳಿದ ಡಬ್ಬ ಆಮೇಲೆ ತೂಕಕ್ಕೆ ಹಾಕಿದರೂ ನಷ್ಟ ಇಲ್ಲ.